ಸಂಪ್ ಯಾಕೆ ಖಾಲಿಯಾಗುತ್ತಿರಲಿಲ್ಲ

ಟೇಲಿಂಗ್ಸ್ ಏರಿಯ ಬುಡದಲ್ಲಿ ಜಿನುಗುವ ನೀರು ಹೊರಗಿನ ಹಳ್ಳ ಸೇರಬಾರದು. ನನಗೆ ವಹಿಸಿದ್ದು ಇಷ್ಟೇ ಕೆಲಸ. ಹಿಡಿ, ಸಂಪಿಗೆ ತುಂಬಿಸು, ಪಂಪ್ ಮಾಡಿ ವಾಪಸ್ ಮೇಲಕ್ಕೆ ಕಳಿಸು. ಕೇಳೋಕೆ ಸುಲಭ ಅಲ್ವಾ?

ಅದಿರನ್ನು ನುಣ್ಣಗೆ ಅರೆದು ಲೋಹ ತೆಗೆದ ಮೇಲೆ ಉಳಿಯುವ ಕೆಸರೇ ಟೇಲಿಂಗ್ಸ್. ಅದನ್ನು ನೀರಿನ ಜೊತೆ ಪೈಪಿನಲ್ಲಿ ತಂದು ಏರಿಯ ಒಳಗೆ ಬಿಡುತ್ತಾರೆ. ಮರಳು ಕೂರುತ್ತದೆ, ನೀರು ಕೊಳವಾಗಿ ನಿಲ್ಲುತ್ತದೆ. ಮಣ್ಣಿನ ಏರಿ ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ನೀರು ಒಸರಿಯೇ ಒಸರುತ್ತದೆ. ನಮ್ಮ ಕೆಸರಿನಲ್ಲಿ ಪೈರೈಟ್ ಇತ್ತು, ಅಂದರೆ ಕಬ್ಬಿಣ, ಗಂಧಕ ಸೇರಿದ ಖನಿಜ. ಅದಕ್ಕೆ ಗಾಳಿ, ನೀರು ಎರಡೂ ತಾಗಿದರೆ ಆಮ್ಲ ಹುಟ್ಟುತ್ತದೆ. ಹಾಗಾಗಿ ಹೊರಗೆ ಬರುವ ನೀರು ಕಬ್ಬಿಣ, ಸಲ್ಫೇಟ್ ಹೊತ್ತುಕೊಂಡೇ ಬರುತ್ತಿತ್ತು.

ಏರಿಯ ಬುಡದುದ್ದಕ್ಕೂ ಬಸಿಗಾಲುವೆ ತೋಡಿ, ತಗ್ಗಿನ ಮೂಲೆಯಲ್ಲಿ ಸಂಪ್ ಕಟ್ಟಿದೆವು. ಮೊದಲ ದೊಡ್ಡ ಮಳೆಗೇ ಅದು ತುಂಬಿ ತುಳುಕಿತು. ತಪ್ಪು ನನ್ನದೇ. ಪಕ್ಕದ ಗುಡ್ಡದ ಒಳ್ಳೆ ಮಳೆನೀರೆಲ್ಲ ನಮ್ಮ ಕಾಲುವೆಗೇ ಇಳಿಯುತ್ತಿತ್ತು. ಒಳ್ಳೆ ನೀರನ್ನು ಕೆಟ್ಟ ನೀರಿಗೆ ಬೆರೆಸಿ, ಆಮೇಲೆ ಎರಡನ್ನೂ ಎತ್ತುತ್ತಾ ಕೂರುವುದು ಶುದ್ಧ ದಡ್ಡತನ. ಮೇಲ್ಗಡೆ ಇನ್ನೊಂದು ಕಾಲುವೆ ತೆಗೆದು ಮಳೆನೀರು ನಮ್ಮ ಕಾಲುವೆಗೆ ಇಳಿಯದೆ ಸುತ್ತಿಕೊಂಡು ಹೋಗುವ ಹಾಗೆ ಮಾಡಿದೆವು.

ಆಮೇಲೆ ಮೋಟರ್ ಸುಟ್ಟಿತು. ನೀರಿನ ಜೊತೆ ಏರಿಳಿದು ಪಂಪ್ ಆನ್ ಮಾಡುವ ಫ್ಲೋಟಿಗೂ ಆಫ್ ಮಾಡುವ ಫ್ಲೋಟಿಗೂ ನಡುವೆ ಒಂದು ಗೇಣಷ್ಟೇ ಅಂತರ ಇಟ್ಟಿದ್ದೆವು. ಪಂಪ್ ಎರಡು ನಿಮಿಷ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಪ್ರತಿ ಸಲ ಶುರುವಾಗುವಾಗಲೂ ಮೋಟರ್ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ಅಂತರವನ್ನು ಆಳೆತ್ತರಕ್ಕೆ ಹೆಚ್ಚಿಸಿದ ಮೇಲೆ ಆ ತೊಂದರೆ ಹೋಯಿತು. ಕರೆಂಟ್ ಹೋದರೆ ಇರಲಿ ಅಂತ ಒಂದು ಡೀಸೆಲ್ ಪಂಪ್ ಕೂಡ ಇಟ್ಟುಕೊಂಡೆವು.

ಬಸಿಪೈಪಿನ ಬಾಯಿಗೆ ಕಿತ್ತಳೆ ಬಣ್ಣದ ಲೋಳೆ ಕಟ್ಟುವುದು ಇನ್ನೊಂದು ಕಾಟ. ನೀರಲ್ಲಿ ಕರಗಿದ ಕಬ್ಬಿಣ ಗಾಳಿ ಸೋಕಿದ ಕೂಡಲೇ ತುಕ್ಕಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಪೈಪಿನ ಬಾಯಿ ಸದಾ ನೀರಲ್ಲಿ ಮುಳುಗಿರುವ ಹಾಗೆ ಮಾಡಿದೆವು. ಲೋಳೆ ಪೂರ್ತಿ ನಿಲ್ಲಲಿಲ್ಲ, ಆದರೆ ತೊಳೆಯುವ ಸರದಿ ಅಪರೂಪವಾಯಿತು.

ಇದೆಲ್ಲ ಸಣ್ಣ ಪುಟ್ಟದ್ದು. ನಿಜವಾದ ಪಾಠ ಕಲಿಸಿದ್ದು ಒಂದು ತಗಡಿನ ತುಂಡು.

ಸಂಪಿಗೆ ನೀರು ಬೀಳುವ ಕಡೆ 90 ಡಿಗ್ರಿಯ ವಿ-ನಾಚ್ ತಗಡು, ಅಂದರೆ V ಆಕಾರದ ಕಚ್ಚು ಕೊರೆದ ತಗಡು ಕೂರಿಸಿದ್ದೆ. ಆ ಕಚ್ಚಿನ ಮೇಲೆ ನೀರು ಎಷ್ಟು ಎತ್ತರ ಇದೆ ಅಂತ ನೋಡಿದರೆ ಹರಿವು ಗೊತ್ತಾಗುತ್ತದೆ. ಅಳತೆಪಟ್ಟಿಯನ್ನು ಕಚ್ಚಿನ ಹತ್ತಿರ ಇಡಬಾರದು, ಅಲ್ಲಿ ನೀರು ಬಾಗಿ ಇಳಿಯುತ್ತಿರುತ್ತದೆ. ಸ್ವಲ್ಪ ಹಿಂದೆ ಇಡಬೇಕು. 10 ಸೆಂ.ಮೀ. ಎತ್ತರ ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. 5 ಸೆಂ.ಮೀ. ಇದ್ದರೆ ಅದರ ಅರ್ಧ ಅಂದುಕೊಳ್ಳಬೇಡಿ, 0.8 ಲೀಟರ್ ಕೂಡ ಇರುವುದಿಲ್ಲ.

ಶುರುವಿನಲ್ಲಿ ಪಟ್ಟಿ 7 ತೋರಿಸುತ್ತಿತ್ತು. ಬರಬರುತ್ತಾ 8, 9, ಕೊನೆಗೆ 10. ಪಂಪ್ ಹಗಲು ರಾತ್ರಿ ಓಡಿದರೂ ಸಂಪ್ ಖಾಲಿಯಾಗುತ್ತಿರಲಿಲ್ಲ. ದೊಡ್ಡ ಪಂಪ್ ಹಾಕಿದೆವು. ಸಂಪ್ ಇಳಿಯಿತು, ಪಟ್ಟಿ ಮಾತ್ರ ಇಳಿಯಲಿಲ್ಲ. ಮಳೆಗಾಲ ಮುಗಿದಿತ್ತು. ಹಾಗಾದರೆ ಇಷ್ಟು ನೀರು ಬರುವುದೆಲ್ಲಿಂದ?

ಒಂದು ಬೆಳಿಗ್ಗೆ ಸುಮ್ನೆ ನೀರು ವಾಪಸ್ ಕಳಿಸುವ ಪೈಪಿನ ಜಾಡು ಹಿಡಿದು ಏರಿಯ ಮೇಲಕ್ಕೆ ನಡೆದೆ. ಪೈಪ್ ಉಳಿಸುವ ಆಸೆಗೆ ಅದರ ತುದಿಯನ್ನು ಏರಿಯ ಒಳಮಗ್ಗುಲಿಗೇ ಬಿಟ್ಟಿದ್ದೆವು. ಅಲ್ಲಿ ನೀರು ನಿಂತು ಏರಿಗೆ ಒರಗಿಕೊಂಡಿತ್ತು. ಏರಿಗೆ ಹತ್ತಿರವಾದಷ್ಟೂ ನೀರು ಹೊರಗೆ ಬರುವ ದಾರಿ ಗಿಡ್ಡ, ಒಸರುವುದು ಜಾಸ್ತಿ. ಕೆಳಗಿಂದ ಎತ್ತಿದ್ದನ್ನು ನಾವೇ ಮತ್ತೆ ಏರಿಗೆ ಕುಡಿಸುತ್ತಿದ್ದೆವು!

ಪೈಪನ್ನು ಕೊಳದ ಆಚೆ ತುದಿಗೆ ಎಳೆದೆವು. ಹೊಸ ಕೆಸರನ್ನು ಏರಿಯ ಮೇಲಿಂದಲೇ, ಪೈಪಿಗೆ ಅಲ್ಲಲ್ಲಿ ಬಾಯಿ ಇಟ್ಟು ಒಳಕ್ಕೆ ಬಿಟ್ಟೆವು. ದಪ್ಪ ಮರಳು ಏರಿಯ ಪಕ್ಕದಲ್ಲೇ ಕೂತು ದಂಡೆಯಾಗಿ ಬೆಳೆದು ಕೊಳವನ್ನು ಹಿಂದಕ್ಕೆ ತಳ್ಳಿತು. ಮೊದಲು ಇಳಿದದ್ದು ಏರಿಯೊಳಗೆ ನೀರು ಎಲ್ಲಿವರೆಗಿದೆ ಅಂತ ತೋರಿಸುವ ಕೊಳವೆಗಳ, ಅಂದರೆ ಪೀಜೋಮೀಟರ್‌ಗಳ ನೀರಿನ ಮಟ್ಟ. ನಾಚ್ ಪಟ್ಟಿ ವಾರಗಟ್ಟಲೆ ಹಟ ಹಿಡಿದು, ಆಮೇಲೆ ಮೆಲ್ಲಗೆ 7ಕ್ಕೆ ಬಂತು. ಅಂದರೆ ಹರಿವು ಅರ್ಧಕ್ಕಿಂತ ಕಡಿಮೆ. ದೊಡ್ಡ ಪಂಪಿಗೆ ಕೆಲಸವೇ ಇಲ್ಲದಾಯಿತು.

ಈಗಲೂ ದಿನಾ ಬೆಳಿಗ್ಗೆ ಪಟ್ಟಿ ಓದಿ, ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಬಿಳಿ ಕಾಗದದ ಮುಂದೆ ನೋಡುತ್ತೇನೆ. ನೀರು ತಿಳಿಯಾಗಿದ್ದರೆ ಪುಸ್ತಕದಲ್ಲಿ ಬರೆದು ಮುಂದಿನ ಕೆಲಸ. ಮಣ್ಣುಮಣ್ಣಾಗಿ ಕದಡಿದ್ದರೆ ನೀರು ಏರಿಯನ್ನೇ ಒಳಗಿಂದ ಕೊರೆದು ತರುತ್ತಿರಬಹುದು. ಆಗ ಪಂಪಿನ ಹತ್ತಿರ ಹೋಗುವುದಿಲ್ಲ, ಕೆಳಗಿನವರನ್ನೆಲ್ಲ ಮೇಲಕ್ಕೆ ಕರೆಸಿ ಏರಿಯನ್ನು ನೋಡಿಕೊಳ್ಳುವ ಎಂಜಿನಿಯರಿಗೆ ಫೋನ್ ಮಾಡುತ್ತೇನೆ. ಆ ಫೋನ್ ನಾನು ಒಮ್ಮೆ ಮಾಡಿದ್ದೇನೆ. ಕಾಲುವೆಯ ದಡ ಕುಸಿದು ಮಣ್ಣು ಬಿದ್ದಿತ್ತು, ಅಷ್ಟೇ. ಎಂಜಿನಿಯರ್ ಬೈಯಲಿಲ್ಲ, ಬಾಟಲಿ ಇಸಿದುಕೊಂಡು ತಾವೂ ಒಮ್ಮೆ ನೋಡಿದರು.