ಚಿನ್ನಿಗೂ ಕರಿಯನಿಗೂ ಎಕ್ಸ್‌ರೇ ತೆಗೆಸಿದ ಮೇಲೆ

ಮೂಡಿಗೆರೆ ಕಡೆ ತೋಟದ ಮನೆಗಳಲ್ಲಿ ನಾಯಿ ಅಂದರೆ ಎರಡೇ ಬಗೆ. ಒಂದು ಜಾತಿ ನಾಯಿ, ಇನ್ನೊಂದು ಕಂತ್ರಿ. ಜಾತಿ ನಾಯಿಗೆ ಜಗಲಿ, ಕಂತ್ರಿಗೆ ಕಣ. ನಾನೂ ಹಾಗೇ ನಂಬಿ ಬೆಳೆದವಳು. ಅಪ್ಪ ಸಾಕಿದ್ದ ಜರ್ಮನ್ ಶೆಫರ್ಡ್ ಐದನೇ ವರ್ಷಕ್ಕೇ ಹಿಂಗಾಲು ಎಳೆಯತೊಡಗಿದಾಗ ಆ ನಂಬಿಕೆ ಅಲುಗಿತು. ಅದಕ್ಕೆ ಕಾಗದಪತ್ರ ಇತ್ತು, ಮೂರು ತಲೆಮಾರಿನ ಹೆಸರು ಬರೆದಿತ್ತು. ಸೊಂಟದ ಕೀಲು ಮಾತ್ರ ಸರಿಯಿರಲಿಲ್ಲ. ಮೆಟ್ಟಿಲು ಹತ್ತಲಾಗದೆ ಮಳೆಯಲ್ಲಿ ಕೆಳಗೇ ನಿಂತು ನಮ್ಮ ಮುಖ ನೋಡುತ್ತಿದ್ದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಅದರ ನಂತರ ಬಂದವಳು ಚಿನ್ನಿ, ಲ್ಯಾಬ್ರಡಾರ್. ಅವಳಿಂದ ಒಂದು ಸಲ ಮರಿ ಹಾಕಿಸಬೇಕು ಅನ್ನಿಸಿದಾಗ ನನ್ನ ಕಣ್ಣು ಹೋದದ್ದು ಲೈನ್ ಮನೆಯ, ಅಂದರೆ ತೋಟದ ಆಳುಗಳ ಸಾಲುಮನೆಯ, ಕರಿಯನ ಮೇಲೆ. ಆರು ಮಳೆಗಾಲ ಕಂಡ ಕಂತ್ರಿ. ಗಿಡ್ಡ ಕೂದಲು, ಮಳೆಯಲ್ಲಿ ನೆನೆದರೂ ಗಳಿಗೆಯಲ್ಲಿ ಒಣಗುತ್ತಿತ್ತು. ಚಿನ್ನಿಯ ದಟ್ಟ ಕೂದಲೊಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಆರುತ್ತಲೇ ಇರಲಿಲ್ಲ, ಕಿವಿಯಲ್ಲಿ ಸೋಂಕು, ಮೈಯಲ್ಲಿ ಕಜ್ಜಿ. ಅವಳ ಸೌಮ್ಯ ಸ್ವಭಾವಕ್ಕೆ ಅವನ ಮೈಕಟ್ಟು ಸೇರಿದರೆ ನಮ್ಮ ಹವೆಗೆ ಒಗ್ಗುವ ಮರಿ ಸಿಕ್ಕೀತು ಅನ್ನುವುದು ನನ್ನ ಲೆಕ್ಕ.

ಸುದ್ದಿ ಕೇಳಿ ಸೋದರಮಾವ ಸಿಟ್ಟಾದರು. "ಅಲ್ಲ ಕಣೇ, ಒಳ್ಳೇ ಜಾತಿ ನಾಯಿನ ಕೆಡಿಸ್ತೀಯಲ್ಲ?" ಅವರು ನಿಂತಿದ್ದದ್ದು ಎಸ್. 795 ಕಾಫಿ ಗಿಡಗಳ ಸಾಲಿನಲ್ಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಆ ತಳಿ ಎಸ್. 288 ಮತ್ತು ಕೆಂಟ್ಸ್ ಎಂಬ ಎರಡು ಕಾಫಿ ತಳಿಗಳ ಮಿಶ್ರ. ಎಸ್. 288ರಲ್ಲಿ ಲೈಬೀರಿಕಾ ಎಂಬ ಬೇರೆಯೇ ಜಾತಿಯ ಕಾಫಿಯ ಅಂಶವೂ ಇದೆ. ಎಲೆ ತುಕ್ಕು ರೋಗ ತಡೆಯಲಿ, ರುಚಿಯೂ ಉಳಿಯಲಿ ಎಂದು ಮಾಡಿದ ತಳಿ ಅದು. "ಮಾವ, ಈ ಗಿಡ ಕೆಟ್ಟ ಜಾತಿದಾ?" ಅಂದೆ. ಅವರು ಉತ್ತರ ಕೊಡಲಿಲ್ಲ, ಆದರೆ ಒಪ್ಪಲೂ ಇಲ್ಲ.

ನಾಯಿಗಳಲ್ಲೂ ಹೀಗೆ ನಡೆದಿದೆ. ಡಾಲ್ಮೇಷಿಯನ್ ತಳಿಯ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚು, ಅದರಿಂದ ಕಲ್ಲು ಕಟ್ಟುತ್ತದೆ. ಆ ದೋಷ ಇಡೀ ತಳಿಗೇ ಹಬ್ಬಿದ್ದರಿಂದ ತಳಿಯೊಳಗೆ ಎಷ್ಟು ಆರಿಸಿದರೂ ಹೋಗುವಂತಿರಲಿಲ್ಲ. ಅಮೆರಿಕದ ತಳಿವಿಜ್ಞಾನಿ ರಾಬರ್ಟ್ ಶೈಬಲ್ 1973ರಲ್ಲಿ ಒಂದೇ ಒಂದು ಸಲ ಪಾಯಿಂಟರ್ ನಾಯಿಯೊಡನೆ ಕೂಡಿಸಿದರು. ಆಮೇಲೆ ಪ್ರತಿ ತಲೆಮಾರಿನಲ್ಲೂ ಡಾಲ್ಮೇಷಿಯನ್ನಿಗೇ ಮರಳಿ ಕೂಡಿಸುತ್ತ ಬಂದರು. ಚುಕ್ಕೆಯೂ ಉಳಿಯಿತು, ಮೂತ್ರವೂ ಸರಿಯಾಯಿತು. ಆದರೂ ಜಾತಿ ನಾಯಿಗಳ ದಾಖಲೆ ಇಡುವ ಅಮೆರಿಕನ್ ಕೆನಲ್ ಕ್ಲಬ್ ಆ ಸಾಲನ್ನು ಒಪ್ಪಿಕೊಂಡದ್ದು 2011ರಲ್ಲಿ. ಶುದ್ಧತೆಯ ಹಟಕ್ಕೆ ಅಷ್ಟು ವರ್ಷ ನಾಯಿಗಳೇ ನೋವು ತಿಂದವಲ್ಲ ಎಂದು ನನಗೆ ಸಂಕಟವಾಗುತ್ತದೆ.

ಇನ್ನೊಂದು ಕಡೆಯವರ ಮಾತನ್ನೂ ನಾನು ಒಪ್ಪುವುದಿಲ್ಲ. ಚಿಕ್ಕಮಗಳೂರಿನ ಗೆಳತಿ, "ಮಿಶ್ರ ಮಾಡಿದ್ರೆ ಸಾಕು ಕಣೇ, ಯಾವ ಕಾಯಿಲೆನೂ ಬರಲ್ಲ" ಅಂತ ಧೈರ್ಯ ಹೇಳಿದಳು. ಅವಳ ಕಣ್ಣಿದ್ದದ್ದು ಲ್ಯಾಬ್ರಡೂಡಲ್ ಮೇಲೆ. 1980ರ ದಶಕದ ಕೊನೆಯಲ್ಲಿ ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿ ತೋರುವ ನಾಯಿಗಳ ಸಂಸ್ಥೆಯಲ್ಲಿದ್ದ ವಾಲಿ ಕಾನ್ರನ್ ಒಬ್ಬ ಅಂಧ ಮಹಿಳೆಗಾಗಿ, ಆಕೆಯ ಗಂಡನಿಗೆ ನಾಯಿ ಕೂದಲಿನ ಅಲರ್ಜಿ ಇದ್ದದ್ದರಿಂದ, ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿದರು. ಹುಟ್ಟಿದ ಮೂರು ಮರಿಗಳಲ್ಲಿ ಅಲರ್ಜಿ ತರದ್ದು ಒಂದೇ. ಆಮೇಲೆ ಅದೊಂದು ವ್ಯಾಪಾರವೇ ಆಗಿ ಬೆಳೆದದ್ದಕ್ಕೆ ಅವರು ಬಹಿರಂಗವಾಗಿ ಪಶ್ಚಾತ್ತಾಪಪಟ್ಟರು. ಕಣ್ಣಿನ ಪರದೆ ಕ್ರಮೇಣ ಸವೆದು ಕುರುಡಾಗಿಸುವ ಒಂದು ಆನುವಂಶಿಕ ಕಾಯಿಲೆ ಲ್ಯಾಬ್ರಡಾರಿನಲ್ಲೂ ಇದೆ, ಪೂಡಲ್‌ನಲ್ಲೂ ಇದೆ. ತಂದೆ ತಾಯಿ ಇಬ್ಬರೂ ಆ ಜೀನ್ ಹೊತ್ತಿದ್ದರೆ ಪ್ರತಿ ಮರಿಗೂ ಅಪಾಯ ನಾಲ್ಕರಲ್ಲಿ ಒಂದು ಪಾಲು. ಇಬ್ಬರ ತಳಿ ಬೇರೆಯಾದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ಹಾಗಾಗಿ ಚಿನ್ನಿಗೆ ಎರಡು ವರ್ಷ ತುಂಬುವವರೆಗೆ ಕಾದೆ. ಇಬ್ಬರನ್ನೂ ಜೀಪಿನಲ್ಲಿ ಹಾಕಿಕೊಂಡು ಹಾಸನದ ಪಶುವೈದ್ಯಕೀಯ ಕಾಲೇಜಿಗೆ ಹೋದೆ. ಸೊಂಟದ ಎಕ್ಸ್‌ರೇ ಅಂದರೆ ಸುಮ್ಮನೆ ಮಲಗಿಸಿ ತೆಗೆಯುವಂಥದ್ದಲ್ಲ. ಮಂಪರು ಕೊಟ್ಟು, ಬೆನ್ನ ಮೇಲೆ ಮಲಗಿಸಿ, ಹಿಂಗಾಲು ಎರಡನ್ನೂ ನೇರ ಎಳೆದು ಹಿಡಿಯಬೇಕು. "ಈ ಕಂತ್ರಿ ಕಾಲಿಗೂ ಫೋಟೋನಾ ಅಮ್ಮಾ?" ಎಂದು ಕರಿಯನನ್ನು ಸಾಕಿದವನು ಬೆರಗಾದ. ಇಬ್ಬರ ಕೀಲೂ ಚೆನ್ನಾಗಿತ್ತು. ಕೆನ್ನೆಯ ಒಳಗಿಂದ ತೆಗೆದ ಮಾದರಿಯನ್ನು ಲ್ಯಾಬಿಗೆ ಕಳಿಸಿದೆ. ಕರಿಯನಲ್ಲಿ ಕಣ್ಣಿನ ಕಾಯಿಲೆಯ ಜೀನ್ ಇರಲಿಲ್ಲ. ಚಿನ್ನಿ ಅದನ್ನು ಹೊತ್ತಿದ್ದಳು, ಅವಳಿಗೆ ಕಾಯಿಲೆಯಿರಲಿಲ್ಲ ಅಷ್ಟೇ. ಅಂದರೆ ಮರಿಗಳು ಕುರುಡಾಗುವುದಿಲ್ಲ, ಆದರೆ ಸುಮಾರು ಅರ್ಧದಷ್ಟು ಮರಿಗಳು ಜೀನ್ ಹೊತ್ತೇ ಹುಟ್ಟುತ್ತವೆ. ಅದೇ ಜೀನ್ ಹೊತ್ತ ಇನ್ನೊಂದು ಲ್ಯಾಬ್ರಡಾರಿಗೆ ಕೂಡಿಸಿದ್ದರೆ? ಆ ಯೋಚನೆಗೇ ಎದೆ ನಡುಗಿತು.

ಮರಿ ಹುಟ್ಟುವ ಮೊದಲೇ ಆರು ಮನೆ ಗೊತ್ತುಮಾಡಿದ್ದೆ. ಅರವತ್ತೆರಡನೇ ದಿನ ರಾತ್ರಿ ಏಳು ಮರಿ. ಎಂಟು ವಾರ ತಾಯಿಯ ಹತ್ತಿರವೇ ಇದ್ದವು. ಅದಕ್ಕಿಂತ ಚಿಕ್ಕ ಮರಿ ಮಾರಬಾರದೆಂದು ಕೇಂದ್ರದ 2017ರ ನಿಯಮವೂ ಹೇಳುತ್ತದೆ. ನಾನು ದುಡ್ಡು ತೆಗೆದುಕೊಳ್ಳಲಿಲ್ಲ. ಸಂತಾನಹರಣ ಮಾಡಿಸಬೇಕು, ಸಾಕಲಾಗದಿದ್ದರೆ ನನಗೇ ಮರಳಿಸಬೇಕು ಎಂದು ಬರೆಸಿಕೊಂಡೆ.

ಏಳೂ ಏಳು ರೀತಿ. ಎರಡು ಥೇಟ್ ಚಿನ್ನಿಯ ಹಾಗೆ, ನೆನೆದರೆ ಒಣಗದ ಕೂದಲು ಸಮೇತ. ಮೂರಕ್ಕೆ ಕರಿಯನ ಗಿಡ್ಡ ಕೂದಲು ಬಂತು, ಮಳೆಗಾಲ ಸಲೀಸಾಗಿ ಕಳೆದವು. ಉಣ್ಣಿ ಜ್ವರ ಮಾತ್ರ ಯಾವ ಮೈಕಟ್ಟನ್ನೂ ಬಿಡಲಿಲ್ಲ, ಎರಡು ಮರಿ ಮಲಗಿ ಎದ್ದವು. ಒಂದನ್ನು ಚಿರತೆ ಹೊತ್ತೊಯ್ದಿತು. ಇನ್ನೊಂದು ಕೋಳಿ ಹಿಡಿಯುವುದು ಬಿಡಲಿಲ್ಲವೆಂದು ವಾಪಸ್ ಬಂತು. ಕರಿಯನ ಬೇಟೆಯ ಗುಣ ಅದರಲ್ಲಿ ಎದ್ದುಕಾಣುತ್ತಿತ್ತು. ಸ್ವಭಾವದ ಬಗ್ಗೆ ನನ್ನ ಲೆಕ್ಕ ತಪ್ಪಿದ್ದು ಅಲ್ಲೇ. ಇಬ್ಬರ ಒಳ್ಳೆಯದನ್ನಷ್ಟೇ ಎಣಿಸಿದ್ದೆ, ಮರಿ ಏನನ್ನು ಆರಿಸಿಕೊಳ್ಳುತ್ತದೆ ಎಂಬುದು ನನ್ನ ಕೈಯಲ್ಲಿರಲಿಲ್ಲ.

ನಾನೇ ಉಳಿಸಿಕೊಂಡ ಗೌರಿಗೆ ಒಂದೂವರೆ ವರ್ಷಕ್ಕೆ ಎಡ ಸೊಂಟ ಸಡಿಲವೆಂದು ಗೊತ್ತಾಯಿತು. ತಂದೆ ತಾಯಿಯ ಕೀಲು ಚೆನ್ನಾಗಿದ್ದರೆ ಅಪಾಯ ಕಡಿಮೆಯಾಗುತ್ತದೆ, ಪೂರಾ ಹೋಗುವುದಿಲ್ಲ. ಕರಿಯನ ಹಿಂದಿನವರ ಸೊಂಟ ಹೇಗಿತ್ತೆಂದು ಯಾರನ್ನು ಕೇಳುವುದು? ಮಾವನಿಗೆ ಫೋನ್ ಮಾಡಿ ಹೇಳಿದೆ, ಮುಚ್ಚಿಡಲಿಲ್ಲ. "ತೂಕ ಏರೋಕೆ ಬಿಡಬೇಡ ಮಗಾ" ಅಂದರು. ಚಿನ್ನಿಗೂ ಕರಿಯನಿಗೂ ಸಂತಾನಹರಣದ ಆಪರೇಷನ್ ಆಗಿದೆ. ಗೌರಿಗೆ ಅನ್ನ ಕಡಿಮೆ ಮಾಡಿ ಅಳತೆಯಲ್ಲಿ ಮೊಟ್ಟೆ, ಮಾಂಸ ಹಾಕುತ್ತೇನೆ. ದಿನಾ ಸಂಜೆ ತೋಟದ ಕೆರೆಯಲ್ಲಿ ಇಪ್ಪತ್ತು ನಿಮಿಷ ಈಜಿಸುತ್ತೇನೆ. ನೀರಲ್ಲಿ ಕೀಲಿನ ಮೇಲೆ ಭಾರ ಬೀಳದೆ ತೊಡೆ ಗಟ್ಟಿಯಾಗುತ್ತದೆ. ಜಗಲಿಯ ಮೆಟ್ಟಿಲನ್ನು ಅವಳು ಈಗ ನಿಲ್ಲದೆ ಹತ್ತುತ್ತಾಳೆ.