ಕಲಬುರಗಿ ಬಿಸಿಲಲ್ಲಿ ರೆಟಿನಾಲ್ ಹಚ್ಚುವವರಿಗೆ

ರೆಟಿನಾಲ್ ಬಗ್ಗೆ ಕೇಳುವವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಇದು ಸುಕ್ಕು, ಮೊಡವೆ ಕಲೆಗೆ ಅಂತ ಮುಖಕ್ಕೆ ಹಚ್ಚುವಂಥದ್ದು, ವಿಟಮಿನ್ ಎ ಜಾತಿಯದು, ರಾತ್ರಿ ಮಾತ್ರ ಹಚ್ಚಬೇಕು. ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ ಬಟಾಣಿ ಕಾಳಿನಷ್ಟು ಸಾಕು, ಅದೂ ಇಡೀ ಮುಖಕ್ಕೆ. ಮೊದಮೊದಲು ವಾರಕ್ಕೆ ಎರಡೇ ರಾತ್ರಿ. ಉರಿ ಬಂದರೆ, ಸಿಪ್ಪೆ ಎದ್ದರೆ ಮೊದಲು ಮಾಯಿಶ್ಚರೈಸರ್, ಆಮೇಲೆ ಇದು. ಕಣ್ಣಂಚು, ತುಟಿಯ ಮೂಲೆ ಬಿಟ್ಟುಬಿಡಿ. ಫಲ ಕಾಣಲು ಮೂರು ತಿಂಗಳಾದರೂ ಬೇಕು.

ನಮ್ಮೂರ ಬಿಸಿಲು ಗೊತ್ತಲ್ವಾ, ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ರೆಟಿನಾಲ್ ಹಚ್ಚಿದ ಚರ್ಮಕ್ಕೆ ಬಿಸಿಲು ಬೇಗ ತಾಗುತ್ತದೆ, ಹಾಗಾಗಿ ಹಗಲು ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಲು ಬೇಜಾರಾದರೆ ಇದನ್ನು ಶುರುವೇ ಮಾಡಬೇಡಿ. ಗಾಡಿ ಮೇಲೆ ಸೂಪರ್ ಮಾರ್ಕೆಟ್‌ಗೆ ಹೊರಟರೆ ಸ್ಕಾರ್ಫೂ ಇರಲಿ.

ಗರ್ಭಿಣಿಯರು, ಮಗುವಿನ ಯೋಚನೆಯಲ್ಲಿರುವವರು ಮುಟ್ಟಲೇಬೇಡಿ.

ನನಗೆ ನಿಜವಾಗಿ ಸಿಟ್ಟು ಬರುವುದು ಮೆಡಿಕಲ್‌ನಲ್ಲಿ ಬೆಳ್ಳಗಾಗಲು ಅಂತ ಕೇಳಿ ತರುವ ಟ್ಯೂಬ್‌ಗಳ ಮೇಲೆ. ಎಷ್ಟೋ ಟ್ಯೂಬ್‌ಗಳಲ್ಲಿ ರೆಟಿನಾಲ್ ಜಾತಿಯದೇ ಆದರೂ ಅದಕ್ಕಿಂತ ಜೋರಾದ ಟ್ರೆಟಿನಾಯಿನ್ ಜೊತೆ ಚರ್ಮದ ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಸ್ಟೀರಾಯ್ಡ್ ಎರಡೂ ಇರುತ್ತವೆ. ಇವು ಡಾಕ್ಟರ್ ಚೀಟಿ ಇಲ್ಲದೆ ಹಚ್ಚುವಂಥವಲ್ಲ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪಾಗುತ್ತದೆ. ಈಗಾಗಲೇ ಹಚ್ಚುತ್ತಿದ್ದರೆ ಒಮ್ಮೆಲೇ ನಿಲ್ಲಿಸದೆ ಚರ್ಮದ ಡಾಕ್ಟರಿಗೆ ಟ್ಯೂಬ್ ತೋರಿಸಿ.