ನನ್ನ ಕೈಚೀಲಗಳನ್ನು ಮಕ್ಕಳಿಗೆ ಒಪ್ಪಿಸಿದ ಬಗೆ

ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟು ದಶಕಗಳ ನಂತರ ತೆಗೆದರೂ ಅದು ಚಿನ್ನವಾಗಿಯೇ ಇರುತ್ತದೆ. ಚರ್ಮದ ಮಾತು ಹಾಗಲ್ಲ. ಮುಟ್ಟದೆ ಇಟ್ಟ ಚರ್ಮ ಒಣಗಿ ಮಡಿಕೆಗಳಲ್ಲಿ ಬಿರಿಯುತ್ತದೆ, ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ, ಒಳಗಿನ ಅಂಟು ಬಿಟ್ಟುಕೊಳ್ಳುತ್ತದೆ. ಆದ್ದರಿಂದ ಹಲವು ವರ್ಷಗಳಲ್ಲಿ ನನ್ನ ಬಳಿ ಸೇರಿದ್ದ ಕೈಚೀಲ, ಬೆಲ್ಟ್, ರೇಷ್ಮೆ ಸ್ಕಾರ್ಫ್‌ಗಳನ್ನು ಉಯಿಲಿಗೆ ಬಿಡದೆ, ಮಗಳೂ ತಂಗಿಯ ಮಗಳೂ ಅವುಗಳನ್ನು ಹಿಡಿದು ಓಡಾಡುವ ವಯಸ್ಸಿನಲ್ಲಿರುವಾಗಲೇ ನಾನೇ ಕೈಯಾರೆ ಕೊಡಬೇಕೆಂದು ತೀರ್ಮಾನಿಸಿದೆ.

ಮೊದಲ ಕೆಲಸ, ಯಾವುದು ಇನ್ನೊಂದು ತಲೆಮಾರಿಗೆ ಬಾಳುತ್ತದೆ ಎಂದು ನೋಡುವುದು. ಇಲ್ಲಿ ಕಂಪನಿಯ ಹೆಸರಿಗಿಂತ ಚೀಲವನ್ನು ಹೊಲಿದು ಕಟ್ಟಿದ ಬಗೆಯೇ ಮುಖ್ಯ. ಪ್ರತಿಯೊಂದು ಚೀಲವನ್ನೂ ಹಗಲು ಬೆಳಕಿನಲ್ಲಿ ತೆರೆದು ಮೂಲೆ, ಹಿಡಿಕೆಯ ಬುಡ ಮತ್ತು ಹೊಲಿಗೆಗಳನ್ನು ಪರೀಕ್ಷಿಸಿದೆ. ಮೇಣ ಸವರಿದ ನಾರಿನ ದಾರವನ್ನು ಎರಡು ಸೂಜಿಗಳಿಂದ ಒಂದೇ ರಂಧ್ರದಲ್ಲಿ ಎದುರುಬದುರಾಗಿ ಹಾಯಿಸಿದ ಕೈಹೊಲಿಗೆಯಲ್ಲಿ ಒಂದು ಕಡೆಯ ದಾರ ಸವೆದು ತುಂಡಾದರೂ ಇನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಅಂಥ ಚೀಲವನ್ನು ನಾನು ಧೈರ್ಯವಾಗಿ ಕೊಡುತ್ತೇನೆ. ಒಂದು ಹಳೆಯ ಚೀಲದೊಳಗೆ ಕೈಹಾಕಿದರೆ ಬೆರಳಿಗೆ ಅಂಟಂಟಾದ ಪುಡಿ ಮೆತ್ತಿಕೊಳ್ಳುತ್ತಿತ್ತು. ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪನದ ಲೈನಿಂಗ್ ಗಾಳಿಯ ತೇವಾಂಶದಿಂದ ಕಾಲಕ್ರಮೇಣ ಹೀಗೆ ಕರಗುವುದು ಸಾಮಾನ್ಯ, ಅದನ್ನು ಒರೆಸಿ ಸರಿಪಡಿಸಲು ಬರುವುದಿಲ್ಲ. ಹೊರಗಿನ ಚರ್ಮ ಚೆನ್ನಾಗಿದ್ದುದರಿಂದ ನುರಿತ ಕುಶಲಕರ್ಮಿಯೊಬ್ಬರಿಂದ ಒಳಪದರವನ್ನು ಪೂರ್ತಿ ಬದಲಿಸಿಯೇ ಅದನ್ನು ಮಗಳಿಗೆ ಕೊಟ್ಟೆ.

ಫ್ರಾನ್ಸಿನ ಲೂಯಿ ವಿಟಾನ್ ಕಂಪನಿಯ ಚೀಲದ ಹಿಡಿಕೆಯ ವಿಷಯದಲ್ಲಿ ಮಾತ್ರ ನಾನು ದುರಸ್ತಿಗೆ ಒಪ್ಪಲಿಲ್ಲ. ಆ ಚೀಲದ ಮೈ ಲೇಪನ ಹಚ್ಚಿದ ಕ್ಯಾನ್ವಾಸ್. ಹಿಡಿಕೆ ಮತ್ತು ಅಂಚುಪಟ್ಟಿಗಳು ಮಾತ್ರ ಬಣ್ಣ ಬಳಿಯದ ಹಸುವಿನ ಚರ್ಮ. ಹೊಸದಾಗಿದ್ದಾಗ ಮಾಸಲು ಬಿಳಿಯಾಗಿದ್ದ ಅದು ಬಿಸಿಲಿಗೂ ಕೈಯ ಎಣ್ಣೆಯಂಶಕ್ಕೂ ಜೇನಿನ ಬಣ್ಣಕ್ಕೆ ತಿರುಗಿ, ನಾನು ದಿನವೂ ಹಿಡಿಯುತ್ತಿದ್ದ ನಡುಭಾಗದಲ್ಲಿ ಇನ್ನಷ್ಟು ಗಾಢವಾಗಿದೆ. ಹಿಡಿಕೆ ಬದಲಿಸಿದರೆ ಬಳಕೆಯ ಆ ಗುರುತೇ ಹೋಗುತ್ತಿತ್ತು.

ಕಾಗದಪತ್ರಗಳನ್ನು ಚೀಲದಷ್ಟೇ ಜೋಪಾನವಾಗಿ ಒಪ್ಪಿಸಬೇಕು. ಚೀಲದೊಳಗೆ ಅಚ್ಚೊತ್ತಿರುವ, ತಯಾರಾದ ಕಾಲ-ಸ್ಥಳ ಸೂಚಿಸುವ ಅಕ್ಷರ-ಅಂಕಿಗಳ ಸಂಕೇತವೊಂದನ್ನೇ ನಂಬಿ ಅಸಲಿಯೆಂದು ಹೇಳಲಾಗದು, ಏಕೆಂದರೆ ನಕಲಿ ಮಾಡುವವರು ಅದನ್ನೂ ಅಚ್ಚೊತ್ತುತ್ತಾರೆ; ಲೂಯಿ ವಿಟಾನ್ 2021ರಿಂದ ಅಂಥ ಸಂಕೇತದ ಬದಲು ಮೈಕ್ರೋಚಿಪ್ ಅಳವಡಿಸುತ್ತಿದೆ. ಹಾಗಾಗಿ ಪ್ರತಿ ಚೀಲಕ್ಕೂ ಒಂದು ಲಕೋಟೆ ಮಾಡಿ, ಕೊಂಡ ರಸೀದಿ, ದುರಸ್ತಿಯ ಬಿಲ್ಲುಗಳು, ಮುದ್ರೆಯ ಮತ್ತು ಹೊಲಿಗೆಯ ಹತ್ತಿರದ ಫೋಟೋಗಳು, ಬಳಸಿದ ಪಾಲಿಶ್ ಯಾವುದೆಂಬ ಟಿಪ್ಪಣಿ, ಇಷ್ಟನ್ನೂ ಸೇರಿಸಿದೆ.

ಮೊಸಳೆ ಚರ್ಮದ ಬೆಲ್ಟನ್ನು ಯಾರಿಗೆ ಕೊಡಬೇಕೆಂಬುದನ್ನು ಕಾನೂನೇ ತೀರ್ಮಾನಿಸಿತು ಎನ್ನಬಹುದು. ಅಳಿವಿನಂಚಿನ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ, 1975ರಿಂದ ಜಾರಿಯಲ್ಲಿರುವ ಸೈಟಿಸ್ ಒಪ್ಪಂದದ ಪ್ರಕಾರ ಇಂಥ ವಸ್ತುಗಳನ್ನು ಗಡಿ ದಾಟಿಸಲು ಪರವಾನಗಿ ಬೇಕಾಗಬಹುದು. ಸ್ವಂತ ಬಳಕೆಯ ವಸ್ತುಗಳಿಗೆ ಇರುವ ವಿನಾಯಿತಿ ಎಲ್ಲ ದೇಶಗಳಲ್ಲೂ ಒಂದೇ ತೆರನಾಗಿಲ್ಲ. ತಂಗಿಯ ಮಗಳು ಹೊರದೇಶದಲ್ಲಿರುವುದರಿಂದ ಬೆಲ್ಟನ್ನು ಮಗಳಿಗೇ ಕೊಟ್ಟೆ.

ಇನ್ನು ಕಾಪಾಡುವ ಕ್ರಮವನ್ನು ಹೇಳಿ ಬಿಡದೆ, ಇಬ್ಬರನ್ನೂ ಕೂರಿಸಿಕೊಂಡು ಮಾಡಿಸಿ ತೋರಿಸಿದೆ. ಚೀಲದೊಳಗೆ ಆಮ್ಲವಿಲ್ಲದ ತೆಳು ಕಾಗದವನ್ನು ಆಕಾರ ನಿಲ್ಲುವಷ್ಟೇ ತುಂಬಬೇಕು, ವೃತ್ತಪತ್ರಿಕೆಯನ್ನಲ್ಲ, ಅದರ ಮಸಿ ಲೈನಿಂಗಿಗೆ ಹತ್ತುತ್ತದೆ. ಸರಪಳಿಯನ್ನು ಬಟ್ಟೆಯಲ್ಲಿ ಸುತ್ತದಿದ್ದರೆ ಕುರಿಮರಿಯ ಮೆತ್ತನೆಯ ಚರ್ಮದ ಮೇಲೆ ಕೊಂಡಿಗಳ ಅಚ್ಚು ಖಾಯಂ ಆಗಿ ಉಳಿಯುತ್ತದೆ. ಹೊಳಪಿನ ಪೇಟೆಂಟ್ ಚರ್ಮ ಪಕ್ಕದ ವಸ್ತುವಿನ ಬಣ್ಣವನ್ನು ಹೀರಿಕೊಳ್ಳುವುದರಿಂದ ಅದನ್ನು ಪ್ರತ್ಯೇಕವಾಗಿ, ಎಲ್ಲವನ್ನೂ ಪ್ಲಾಸ್ಟಿಕ್‌ನಲ್ಲಲ್ಲದೆ ಹತ್ತಿ ಬಟ್ಟೆಯ ಚೀಲದಲ್ಲಿ ಇಡಬೇಕು. ನುಸಿಗುಳಿಗೆ ಹತ್ತಿರ ಸುಳಿಯಕೂಡದು. ಸ್ಕಾರ್ಫಿಗೆ ಇಸ್ತ್ರಿ ಹಾಕುವಾಗ ಕೈಯಿಂದ ಸುರುಳಿ ಸುತ್ತಿ ಹೊಲಿದ ಅಂಚನ್ನು ಒತ್ತಿ ಚಪ್ಪಟೆ ಮಾಡಬಾರದು, ಅದರ ಅಂದವೆಲ್ಲ ಇರುವುದು ಆ ದುಂಡಗಿನ ಅಂಚಿನಲ್ಲೇ.

ಹಂಚುವಾಗ ಮಾರುಕಟ್ಟೆಯ ಬೆಲೆಯನ್ನು ಮುಂದಿಟ್ಟುಕೊಳ್ಳದೆ, ಇಬ್ಬರೂ ಸರದಿಯಂತೆ ಬೇಕಾದುದನ್ನು ಆರಿಸಿಕೊಳ್ಳಲಿ ಎಂದೆ. ತಂಗಿಯ ಮಗಳು ಎಲ್ಲಕ್ಕಿಂತ ಮೊದಲು ಕೈಗೆತ್ತಿಕೊಂಡದ್ದು ಮೂಲೆ ಸವೆದ ಪುಟ್ಟ ಕಂದು ಚೀಲವನ್ನು. "ದೊಡ್ಡಮ್ಮ, ಇದರ ಪಟ್ಟಿ ನನಗೆ ಗಿಡ್ಡವಾಗುತ್ತದೆ, ಉದ್ದದ್ದು ಹಾಕಿಸಬಹುದೇ?" ಎಂದು ಕೇಳಿದಳು. ಖಂಡಿತ ಹಾಕಿಸು ಎಂದೆ. ಮೂಲ ಪಟ್ಟಿಯನ್ನು ಮಾತ್ರ ಎಸೆಯದೆ, ಲಕೋಟೆಯ ಜೊತೆಯಲ್ಲೇ ಇಟ್ಟುಕೊಳ್ಳುವಂತೆ ಹೇಳಿ ಚೀಲವನ್ನು ಅವಳ ಕೈಗಿತ್ತೆ.